ಮಿತ್ಸುಯೊ ಇಟ್ಟ ಕಲ್ಲು

ಕದೊವಾಕಿ ಮಿತ್ಸುಯೊಗೆ ಎಪ್ಪತ್ತೊಂದು ತುಂಬಿದ್ದರೂ ಕೆಲಸ ಬಿಡುವ ಯೋಚನೆ ಇರಲಿಲ್ಲ. ಬಿಟ್ಟರೆ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಗಂಡನ ಎದುರೇ ಕೂತಿರಬೇಕು. ಅದು ತನ್ನಿಂದಾಗದ ಮಾತು ಎಂದು ಅವಳಿಗೆ ಗೊತ್ತಿತ್ತು. ಊರವರು ಮಾತ್ರ ‘ಪಾಪ, ಈ ವಯಸ್ಸಲ್ಲೂ ಎಷ್ಟು ನಿಷ್ಠೆ’ ಎಂದು ಹೊಗಳುತ್ತಿದ್ದರು. ಹೊಗಳುವವರಿಗೇನು, ಬಾಯಿ ನೋಯುತ್ತದೆಯೇ?

ಕಾನ್‌ಸುಯಿ ತೋಟದ ಮೂರು ಚಹಾಮನೆಗಳು ಇಪ್ಪತ್ತೆಂಟು ವರ್ಷದಿಂದ ಅವಳ ಕೈಯಲ್ಲಿದ್ದವು. ಕೋಟೆಯ ದೊರೆಗಳ ಕಾಲದ ಮನೆಗಳು. ಬೆಳಿಗ್ಗೆ ಮರದ ಬಾಗಿಲು ಸರಿಸುವುದು, ಚಾಪೆ ಒರೆಸುವುದು, ಇದ್ದಿಲ ಕೆಂಡ ಹೊತ್ತಿಸಿ ನೀರಿಡುವುದು, ಕೊಳದ ಅಂಚಿನ ದೊಡ್ಡ ಮನೆಗೆ ಬಂದವರಿಗೆ ಹಸಿರು ಚಹಾಪುಡಿಯನ್ನು ಬಿಸಿನೀರಲ್ಲಿ ಕಡೆದುಕೊಡುವುದು, ಸಂಜೆ ಎಲ್ಲ ಮುಚ್ಚುವುದು. ನಮ್ಮ ಮಾತ್ಸುಯೆಯಲ್ಲಿ ಮಧ್ಯಾಹ್ನ ಮೂರಾಯಿತೆಂದರೆ ಬಡಗಿ ಕೂಡ ಉಳಿ ಕೆಳಗಿಟ್ಟು ಚಹಾ ಕಡೆಯುತ್ತಾನೆ. ಅಂಥ ಊರಿನಲ್ಲಿ ಚಹಾಮನೆ ಮಿತ್ಸುಯೊ ಎಂದರೆ ಗೊತ್ತಿಲ್ಲದವರಿಲ್ಲ.

ಅವಳ ಗಂಡ ಇವಾವೊ ಅದೇ ತೋಟದಲ್ಲಿ ನಲವತ್ತೆರಡು ವರ್ಷ ಮಾಲಿಯಾಗಿ, ಕೊನೆಗೆ ಮೇಸ್ತ್ರಿಯಾಗಿ ದುಡಿದವನು. ಮಕ್ಕಳಿಲ್ಲ. ಯಾರಾದರೂ ಕೆದಕಿದರೆ, ‘ಮುನ್ನೂರು ಪೈನ್ ಮರ ಸಾಕಿದ್ದೀನಿ, ಒಂದೂ ಎದುರು ಮಾತಾಡಲ್ಲ, ಇನ್ನೇನು ಬೇಕು?’ ಎನ್ನುತ್ತಿದ್ದ. ಮುಂಗೋಪಿ. ಪಾಚಿಯ ಮೇಲೆ ಕಾಲಿಟ್ಟದ್ದಕ್ಕೆ ಒಮ್ಮೆ ಮೇಯರನ್ನೇ ಗದರಿಸಿ ಕಳಿಸಿದ್ದ ಎಂದು ಈಗಲೂ ಹೇಳುತ್ತಾರೆ. ಈ ಮೂರು ವರ್ಷದಿಂದ ಆ ಮನುಷ್ಯನಿಗೆ ಮರೆವಿನ ಕಾಯಿಲೆ. ಯಾವ ಪೈನ್ ಮರದ ಯಾವ ಕೊಂಬೆಯನ್ನು ಯಾವ ವರ್ಷ ಕತ್ತರಿಸಿದ್ದೆಂದು ಥಟ್ಟನೆ ಹೇಳುತ್ತಾನೆ. ಎದುರಿಗಿರುವ ಹೆಂಗಸು ಯಾರೆಂದು ಮಾತ್ರ ಕೆಲವು ದಿನ ಗೊತ್ತಾಗುತ್ತದೆ, ಕೆಲವು ದಿನ ಇಲ್ಲ.

ಜನವರಿಯ ಆ ಗುರುವಾರ ಗೊತ್ತಾಗದ ದಿನ. ಬೆಳಿಗ್ಗೆ ಏಳಕ್ಕೆ ಅನ್ನ, ಉಪ್ಪಿನಲ್ಲಿ ನೆನೆಸಿದ ಮೂಲಂಗಿ, ಸರೋವರದ ಚಿಪ್ಪುಮೀನಿನ ಬಿಸಿ ಸಾರು ತಿಂದ. ಏಳೂವರೆಗೆ ಕೇಳಿದ, “ತಿಂಡಿ ಕೊಡಲ್ವಾ ಇವತ್ತು?”

“ಈಗ ತಾನೇ ತಿಂದ್ರಲ್ಲ ರೀ. ಚಿಪ್ಪು ನಿಮ್ಮ ಮುಂದೇನೇ ಬಿದ್ದಿದೆ ನೋಡಿ.”

“ಇದು ಬೇರೆ ಯಾರೋ ತಿಂದಿದ್ದು. ನಾನು ತಿಂದಿದ್ರೆ ಹೀಗೆ ಚೆಲ್ಲಾಪಿಲ್ಲಿ ಮಾಡ್ತೀನಾ?”

ಮತ್ತೆ ಬಡಿಸಿದಳು. ಎಂಟಕ್ಕೆ ಮತ್ತೆ ಕೇಳಿದ. ಹಿಂದಿನ ರಾತ್ರಿ ನಾಲ್ಕು ಸಲ ಎದ್ದು ಬಾಗಿಲು ತೆಗೆಯಲು ಹೊರಟವನನ್ನು ಹಿಡಿದು ತಂದು ಮಲಗಿಸಿದ್ದಳು, ಅವಳ ಕಣ್ಣು ಉರಿಯುತ್ತಿತ್ತು. ಬಟ್ಟಲನ್ನು ದಡ್ಡನೆ ಕುಕ್ಕಿ, “ಎಲ್ಲಾದ್ರೂ ಹೋಗಿ ಕಳೆದುಹೋಗಬಾರದಾ ನೀವು! ನನಗೂ ಒಂದಿನ ನೆಮ್ಮದಿ ಸಿಗುತ್ತೆ!” ಎಂದುಬಿಟ್ಟಳು. ಇವಾವೊ ಗಾಬರಿಯಿಂದ ಎದ್ದು, ಪರರ ಮನೆಗೆ ಬಂದವನಂತೆ ತಲೆಬಾಗಿ, “ತೊಂದರೆ ಕೊಟ್ಟೆ, ಕ್ಷಮಿಸಬೇಕಮ್ಮಾ,” ಎಂದ. ಮಿತ್ಸುಯೊ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಗುರುವಾರ ಅವನಂಥವರನ್ನು ನೋಡಿಕೊಳ್ಳುವ ಕೇಂದ್ರಕ್ಕೆ ರಜೆ. ಅಂದು ಅವನನ್ನು ತೋಟಕ್ಕೇ ಕರೆದುಕೊಂಡು ಹೋಗಿ ಟಿಕೆಟ್ ಕೋಣೆಯ ಹೀಟರಿನ ಪಕ್ಕ ಕೂರಿಸುತ್ತಿದ್ದಳು. ಟಿಕೆಟ್ ಕೊಡುವ ಚಿಹಾರು ಒಳ್ಳೆಯ ಹುಡುಗಿ, ಬಾಯಿ ಮಾತ್ರ ಸುಮ್ಮನಿರದು. ಅವಳಿಗೂ ಇವಾವೊಗೂ ಚೆನ್ನಾಗಿ ಹೊಂದುತ್ತಿತ್ತು.

“ಬಂದ್ರಾ ಮೇಸ್ತ್ರಿಗಳು! ಇವತ್ತು ಯಾರನ್ನ ಬೈಯೋ ಪ್ರೋಗ್ರಾಂ?” ಎಂದು ಅವಳು ಕೇಳಿದರೆ, “ನಿನ್ನನ್ನೇ. ಟಿಕೆಟ್ ಜೊತೆ ಹಲ್ಲು ತೋರಿಸೋದು ಫ್ರೀನಾ?” ಎಂದು ಅವನು. ಹತ್ತು ನಿಮಿಷದ ಮೇಲೆ ಅದೇ ಪ್ರಶ್ನೆ, ಅದೇ ಉತ್ತರ, ಇಬ್ಬರಿಗೂ ಅದೇ ನಗು.

ಮಧ್ಯಾಹ್ನ ಎರಡೂಮುಕ್ಕಾಲಿಗೆ, ಯಾರೂ ನಿರೀಕ್ಷಿಸದೆ, ಹಿರೋಶಿಮಾ ಕಡೆಯ ಬಸ್ಸೊಂದು ಬಂದು ನಿಂತಿತು. ಮೂವತ್ತೈದು ಜನ, ಎಲ್ಲರಿಗೂ ಚಹಾ ಬೇಕು. ಬೆಳಗಿನಿಂದ ಹಿಮ ಬೆರೆತ ಮಳೆ ಬೀಳುತ್ತಿದ್ದುದರಿಂದ ಯಾರೂ ಬರುವುದಿಲ್ಲವೆಂದು ಮಿತ್ಸುಯೊ ಒಂದೇ ಕೆಟಲಿನಲ್ಲಿ ನೀರಿಟ್ಟಿದ್ದಳು. ಇನ್ನೊಂದು ಕೆಟಲಿಗೂ ನೀರು ತುಂಬಿಸಿಟ್ಟಳು. ಅಷ್ಟರಲ್ಲಿ ಗಡಿಯಾರ ನೋಡಿದಳು, ಮೂರಕ್ಕೆ ಐದು ನಿಮಿಷ. ತಡೆಗಲ್ಲು ಇಡುವ ಹೊತ್ತು.

ಮುಷ್ಟಿಗಿಂತ ದೊಡ್ಡದಾದ ಉರುಟು ಕಲ್ಲು. ತಾಳೆನಾರಿನ ಕಪ್ಪು ಹಗ್ಗದಿಂದ ಅಡ್ಡ ಉದ್ದ ಕಟ್ಟಿ ಮೇಲೊಂದು ಗಂಟು ಹಾಕಿರುತ್ತಾರೆ. ಅದನ್ನು ದಾರಿಯ ಹೆಜ್ಜೆಗಲ್ಲಿನ ಮೇಲೆ ಇಟ್ಟರೆ ಮುಗಿಯಿತು, ಮುಂದೆ ಹೋಗಬೇಡಿ ಎಂದರ್ಥ. ಬೋರ್ಡಿಲ್ಲ, ಬೇಲಿಯಿಲ್ಲ, ಕಾವಲಿಲ್ಲ. ಮೂರು ವರ್ಷದ ಮಗುವೂ ದಾಟಿಬಿಡಬಹುದು, ಆದರೆ ಯಾರೂ ದಾಟುವುದಿಲ್ಲ. ತೋಟದಲ್ಲಿ ಬೆಳೆದವರಿಗಂತೂ ಆ ಕಲ್ಲು ಕಂಡರೆ ಕಾಲು ತಾನಾಗಿ ನಿಂತುಬಿಡುತ್ತದೆ.

ತೋಟದ ಮೂಲೆಯಲ್ಲಿ, ಬಿದಿರುಮೆಳೆಯ ಹಿಂದೆ, ಹುಲ್ಲುಮಾಡಿನ ಮೂರನೆಯ ಚಹಾಮನೆ ಇದೆ. ಅದನ್ನು ಹಿಂದಿನ ಮನೆ ಎನ್ನುತ್ತಾರೆ. ಅದರ ದಾರಿಗೆ ಎರಡು ಬಾಯಿ, ಒಂದು ದೊಡ್ಡ ದಾರಿಯಿಂದ ಒಡೆಯುವ ಕವಲಿನ ಹತ್ತಿರ, ಇನ್ನೊಂದು ಕಲ್ಲುಸೇತುವೆಯ ಹತ್ತಿರ. ಚಳಿಗಾಲದಲ್ಲಿ ಮೂರಕ್ಕೆ ಎರಡನ್ನೂ ಮುಚ್ಚಬೇಕು. ಮಿತ್ಸುಯೊ ಕೆಲಸಕ್ಕೆ ಸೇರಿದ ಮೊದಲ ವಾರವೇ ಇವಾವೊ ಅವಳನ್ನು ಕವಲಿನ ಹತ್ತಿರ ನಿಲ್ಲಿಸಿಕೊಂಡು ಹೇಳಿದ್ದ, “ಹೆಂಡ್ತಿ ಅಂತ ರಿಯಾಯಿತಿ ಇಲ್ಲ. ಈ ಕಡೆಯಿಂದ ಒಳಗೆ ಹೋಗು, ಮನೆ ನೋಡು, ಬೆಂಚು ನೋಡು, ಆ ಕಡೆಯಿಂದ ಹೊರಗೆ ಬಾ. ಯಾರೂ ಇಲ್ಲ ಅಂತ ಕಣ್ಣಾರೆ ನೋಡಿದ ಮೇಲೇ ಕಲ್ಲು. ನೋಡದೆ ಕಲ್ಲಿಡೋದು ಅಂದ್ರೆ ಸುಳ್ಳು ಹೇಳಿದ ಹಾಗೆ.” ಇಪ್ಪತ್ತೆಂಟು ವರ್ಷ ಅವಳು ಹಾಗೆಯೇ ಮಾಡಿದ್ದಳು, ಜ್ವರ ಬಂದ ದಿನವೂ.

ಅಂದು ಮಳೆಯಿಂದಾಗಿ ಹಿಂದಿನ ಮನೆಯ ಬಾಗಿಲನ್ನೇ ತೆಗೆದಿರಲಿಲ್ಲ. ಈ ಹಿಮಮಳೆಯಲ್ಲಿ ಅಲ್ಲಿಗೆ ಯಾರು ಸಾಯಲು ಹೋಗುತ್ತಾರೆ ಎಂದುಕೊಂಡಳು. ಕವಲಿನಲ್ಲಿ ಒಂದು ಕಲ್ಲಿಟ್ಟು, ದೊಡ್ಡ ದಾರಿಯಿಂದಲೇ ಸುತ್ತಿ ಓಡಿ ಸೇತುವೆಯ ಹತ್ತಿರ ಇನ್ನೊಂದಿಟ್ಟು, ಕೆಟಲಿನ ಕಡೆ ಓಡಿದಳು. ಒಟ್ಟು ನಾಲ್ಕು ನಿಮಿಷ ಉಳಿಯಿತು.

ಮೂವತ್ತೈದು ಬಟ್ಟಲು ಕಡೆದು, ತೊಳೆದು, ಬಸ್ಸನ್ನು ಬೀಳ್ಕೊಟ್ಟಾಗ ಮೂರೂಮುಕ್ಕಾಲು. ಇವಾವೊಗೆಂದು ಒಂದು ಬಟ್ಟಲು ಚಹಾ, ಒಂದು ಚೂರು ಸಿಹಿ ಹಿಡಿದುಕೊಂಡು ಟಿಕೆಟ್ ಕೋಣೆಗೆ ಬಂದಳು. ಹೀಟರ್ ಉರಿಯುತ್ತಿತ್ತು. ಕುರ್ಚಿ ಖಾಲಿ ಇತ್ತು.

“ಎಲ್ಲಿ ಇವರು?”

ಚಿಹಾರು ತಿರುಗಿದಳು. “ನಿಮ್ಮ ಜೊತೆ ಇಲ್ವಾ ಅಕ್ಕಾ? ಬಸ್ಸಿನವರು ಬಂದಾಗ ಎದ್ದು ಹೋದ್ರು. ‘ಹೆಂಡ್ತಿಗೆ ಕೆಲಸ ಜಾಸ್ತಿ ಆಯ್ತು, ಹೋಗಿ ಕೈ ಜೋಡಿಸ್ತೀನಿ’ ಅಂದ್ರು. ಪೊರಕೆನೂ ತಗೊಂಡ್ರು. ಇವತ್ತು ಸರಿಯಾಗಿದ್ದಾರಲ್ಲ, ನಿಮ್ಮನ್ನ ಗುರುತು ಹಿಡಿದ್ರಲ್ಲ ಅಂತ ನನಗೆ ಖುಷಿಯಾಯ್ತು...”

ಅವನು ಹೋಗಿ ಆಗಲೇ ಒಂದು ಗಂಟೆ. ಮೈಮೇಲೆ ಒಂದು ಸ್ವೆಟರ್, ಕಾಲಿಗೆ ಅವನು ಇನ್ನೂ ಬಿಡದ ತೋಟದವರ ಬೂಟು, ಹೆಬ್ಬೆರಳು ಬೇರೆಯಾಗಿರುವಂಥದ್ದು. ಕೋಟು ಕುರ್ಚಿಯ ಬೆನ್ನ ಮೇಲೆಯೇ ಇತ್ತು. ಹೊರಗೆ ಮಳೆ ನಿಂತು ಶುದ್ಧ ಹಿಮ ಬೀಳತೊಡಗಿತ್ತು.

ಈಗಿನ ಮೇಸ್ತ್ರಿ ನೋತ್ಸು, ಹದಿನೆಂಟರ ವಯಸ್ಸಿನಿಂದ ಇವಾವೊನ ಬೈಗುಳ ತಿಂದೇ ಕೆಲಸ ಕಲಿತವನು. ವಿಷಯ ಕೇಳಿದ್ದೇ ತನ್ನ ಐದು ಜನರನ್ನು ಸೇರಿಸಿದ. “ಹೆದರಬೇಡಿ ಅಕ್ಕಾ. ದೊಡ್ಡ ಮೇಸ್ತ್ರಿಗೆ ಈ ತೋಟ ಅಂಗೈ ಇದ್ದ ಹಾಗೆ. ಯಾವುದೋ ಮರದ ಕೆಳಗೆ ನಿಂತು ನನ್ನ ಕತ್ತರಿ ಕೆಲಸಕ್ಕೆ ಬೈತಾ ಇರ್ತಾರೆ.” ಅರ್ಧ ಗಂಟೆಯಲ್ಲಿ ಗುಡ್ಡದ ಮೇಲಿನ ಚಹಾಮನೆ, ಸಾಮಾನು ಕೋಣೆ, ಶೌಚಾಲಯ, ಪ್ಲಮ್ ತೋಪು ಎಲ್ಲ ನೋಡಿ ಬಂದರು. ಬಂದವರ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

“ಹಿಂದಿನ ಮನೆ ಕಡೆ?” ಎಂದು ನೋತ್ಸು ಕೇಳಿದ.

“ಕಲ್ಲಿದೆ ಮೇಸ್ತ್ರಿ,” ಎಂದರು ಹುಡುಕಿದವರು.

“ಹೌದು, ನಾನೇ ಇಟ್ಟಿದ್ದು,” ಎಂದಳು ಮಿತ್ಸುಯೊ.

ಅಲ್ಲಿಗೆ ಮುಗಿಯಿತು. ಒಬ್ಬನೂ ಆಚೆ ಹೋಗಿ ನೋಡಲಿಲ್ಲ. ಕಲ್ಲಿದ್ದ ಮೇಲೆ ಒಳಗೆ ಜನ ಇರುವುದಿಲ್ಲ. ಇದು ಅವರಿಗೆ ಹಗಲು ರಾತ್ರಿಯಷ್ಟೇ ಸಹಜ. ತಾನು ಒಳಗೆ ನೋಡದೆ ಇಟ್ಟೆ ಎಂಬುದು ಆ ಕ್ಷಣ ಅವಳಿಗೇ ನೆನಪಾಗಲಿಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ ಅವಳ ಪರವಾಗಿ ಸುಳ್ಳು ಹೇಳಿತು. ಇಂಥ ತಪ್ಪು ಹೊರಗಿನವನೊಬ್ಬ ಮಾಡಲಾರ. ಶಿಸ್ತು ಮೈಗೆ ಅಂಟಿದವರೇ ಮಾಡಬೇಕು.

ನಾಲ್ಕೂವರೆಗೆ ತೋಟದ ಬಾಗಿಲು ಮುಚ್ಚಿದರು, ಪೊಲೀಸರಿಗೆ ಫೋನಾಯಿತು. ಸ್ವಲ್ಪ ಹೊತ್ತಿಗೆ ಊರಿನ ಕಂಬಗಳ ಮೇಲಿನ ಸ್ಪೀಕರುಗಳು ಕೂಗತೊಡಗಿದವು. “ಎಪ್ಪತ್ತಾರು ವರ್ಷದ ಪುರುಷರೊಬ್ಬರು ಕಾಣೆಯಾಗಿದ್ದಾರೆ. ನಸುಗಂದು ಸ್ವೆಟರ್. ನಡೆಯುವಾಗ ತುಸು ಎಡಕ್ಕೆ ವಾಲುತ್ತಾರೆ.” ಎಡಕ್ಕೆ ವಾಲುತ್ತಾರೆ ಎಂದು ಫೋನಿನಲ್ಲಿ ಹೇಳಿದವಳು ಅವಳೇ. ಏಣಿಯಿಂದ ಬಿದ್ದ ವರ್ಷದಿಂದ ಆ ವಾಲು. ಆ ಮಾತು ಕೋಟೆಯ ಕಂದಕದ ಮೇಲೆ, ಅಂಗಡಿ ಬೀದಿಯ ಮೇಲೆ ಹಾದುಹೋಗುವುದನ್ನು ಕೇಳುತ್ತ ಅವಳು ಕಿವಿ ಮುಚ್ಚಿಕೊಂಡಳು.

ನೋತ್ಸು ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, ಉದ್ದನೆಯ ಬಿದಿರಿನ ಕೋಲು ಹಿಡಿದು ಕೊಳಕ್ಕಿಳಿದ.

“ಅಕ್ಕಾ, ನೀವು ಒಳಗೆ ಹೋಗಿ. ಇಲ್ಲಿ ನಿಲ್ಲಬೇಡಿ.”

“ನಿಲ್ತೀನಿ.”

“ಚಿಹಾರು, ಅಕ್ಕನ್ನ ಕರ್ಕೊಂಡು ಹೋಗೇ!”

“ನಿಲ್ತೀನಿ ಅಂದ್ನಲ್ಲ!”

ಕೋಲು ಕೆಸರಿಗೆ ಇಳಿಯುತ್ತಿತ್ತು, ಏಳುತ್ತಿತ್ತು. ಪ್ರತಿ ಸಲ ಅದು ಎಲ್ಲಿಯಾದರೂ ತಡೆದರೆ ನೋತ್ಸುವಿನ ಭುಜ ಬಿಗಿಯುತ್ತಿತ್ತು. ಬಂದದ್ದು ಒಂದು ಕೊಳೆತ ಕೊಂಬೆ, ಯಾರದೋ ಕೊಡೆ. ದಡದಲ್ಲಿ ನಿಂತು ಅವಳು ಬೇಡಿಕೊಳ್ಳುತ್ತಿದ್ದಳು. ಸಿಗಲಿ ದೇವರೇ, ಇಲ್ಲಿ ಮಾತ್ರ ಸಿಗದಿರಲಿ. ಅದರ ಬೆನ್ನಿಗೇ ಇನ್ನೊಂದು ಯೋಚನೆ ನುಗ್ಗಿತು. ಸಿಕ್ಕರೂ ಏನು? ನಾಳೆ ಮತ್ತೆ ಏಳೂವರೆ, ಮತ್ತೆ ತಿಂಡಿ, ಮತ್ತೆ ರಾತ್ರಿ ನಾಲ್ಕು ಸಲ ಬಾಗಿಲು. ಇಲ್ಲಿಗೇ ಮುಗಿದುಹೋದರೆ ಅವನಿಗೂ ಬಿಡುಗಡೆ, ತನಗೂ. ಹೀಗೆ ಯೋಚಿಸಿದವಳು ತಾನೇ ಎಂದು ಅರಿವಾದಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬೆಳಿಗ್ಗೆ ಬಾಯಲ್ಲಿ ಆಡಿದ್ದನ್ನು ಈಗ ಮನಸ್ಸಿನಲ್ಲಿ ಆಡುತ್ತಿದ್ದಳು, ವ್ಯತ್ಯಾಸ ಅಷ್ಟೇ.

ಅಲ್ಲಿ ನಿಲ್ಲಲಾಗದೆ ಟಾರ್ಚ್ ತೆಗೆದುಕೊಂಡು ಹೊರಟಳು. ಐದು ದಾಟಿತ್ತು, ಕತ್ತಲು ಇಳಿದಿತ್ತು. ಪ್ಲಮ್ ತೋಪಿಗೆ ಮತ್ತೆ ಹೋದಳು. ಗುಡ್ಡದ ಮನೆಯ ಹಿಂದೆ ಮತ್ತೆ ನೋಡಿದಳು. “ರೀ... ರೀ...” ಎಂದು ಕರೆಯುತ್ತಿದ್ದಳು, ಅದೂ ಮೆಲ್ಲಗೆ. ಈ ತೋಟದಲ್ಲಿ ಗಟ್ಟಿಯಾಗಿ ಕೂಗಬಾರದೆಂಬ ಕಟ್ಟಳೆ, ಗಂಡ ಸಾಯುತ್ತಿರುವಾಗಲೂ, ಗಂಟಲಲ್ಲಿ ಕೂತಿತ್ತು. ಕವಲಿನ ಮುಂದೆ ಆಗಲೇ ಮೂರು ಸಲ ಹಾದುಹೋಗಿದ್ದಳು. ನಾಲ್ಕನೆಯ ಸಲ ಕಾಲು ಜಾರಿ, ಬಿದ್ದುಬಿಡುವಂತಾಗಿ, ಅಂಗೈ ನೆಲಕ್ಕೂರಿದಳು. ಟಾರ್ಚಿನ ಬೆಳಕು ತಡೆಗಲ್ಲಿನ ಮೇಲೆ, ಅದರ ಆಚೆಗೆ ಬಿತ್ತು.

ಕಲ್ಲಿನಾಚೆಯ ಹೆಜ್ಜೆಗಲ್ಲಿನ ಮೇಲೆ ತೆಳ್ಳಗೆ ಹಿಮ ಕೂತಿತ್ತು. ಆ ಹಿಮದಲ್ಲಿ ಬೂಟಿನ ಗುರುತು. ಹೆಬ್ಬೆರಳು ಬೇರೆ. ಗುರುತಿನ ತುದಿ ಒಳಗಿನಿಂದ ಈಚೆಗೆ, ಅವಳ ಕಡೆಗೇ ಮುಖ ಮಾಡಿತ್ತು.

ಆಗ ನೆನಪಾಯಿತು. ನೋಡಿರಲಿಲ್ಲ. ಇವತ್ತು ತಾನು ಒಳಗೆ ಹೋಗಿ ನೋಡಿರಲೇ ಇಲ್ಲ.

ಅಷ್ಟಾದರೂ, ಹೇಳಿದರೆ ನಂಬುತ್ತೀರೋ ಇಲ್ಲವೋ, ಅವಳ ಕಾಲು ಆ ಕಲ್ಲಿನ ಮುಂದೆ ಒಂದು ಕ್ಷಣ ನಿಂತಿತು. ಆಮೇಲೆ ದಾಟಿದಳು. ಆ ಕಡೆ ಗುರುತು ಒಂದಲ್ಲ, ಎರಡಲ್ಲ. ಕಲ್ಲಿನವರೆಗೆ ಬಂದದ್ದು, ಒಂದು ಗೇಣು ಒಳಗೇ ನಿಂತದ್ದು, ತಿರುಗಿದ್ದು. ಅದರ ಮೇಲೆ ಹೊಸ ಹಿಮ, ಅದರ ಮೇಲೆ ಮತ್ತೆ ಬಂದದ್ದು, ಮತ್ತೆ ತಿರುಗಿದ್ದು. ಸೇತುವೆಯ ಕಡೆಗೆ ಹೋಗಿದ್ದಾನೆ, ಅಲ್ಲಿಯೂ ಕಲ್ಲು. ಈ ಕಡೆಗೆ ಬಂದಿದ್ದಾನೆ, ಇಲ್ಲಿಯೂ ಕಲ್ಲು. ನಲವತ್ತೆರಡು ವರ್ಷ ಆ ಕಲ್ಲನ್ನು ಕಾಯ್ದವನು ಅದನ್ನು ದಾಟುವುದುಂಟೇ? ಎಲ್ಲವನ್ನೂ ಮರೆತ ತಲೆಯಲ್ಲಿ ಇದೊಂದು ಉಳಿದುಕೊಂಡಿತ್ತು. ಎಷ್ಟು ಸಲ ತಿರುಗಿದ್ದನೋ ಲೆಕ್ಕ ಸಿಗಲಿಲ್ಲ. ಕೊನೆಕೊನೆಯ ಗುರುತುಗಳಲ್ಲಿ ಎಡಗಾಲು ಎಳೆದ ಗೀರು ಇತ್ತು.

ದಾರಿಯ ತಿರುವಿನಲ್ಲಿ, ಚಹಾಕ್ಕೆ ಬಂದವರು ಕರೆ ಬರುವವರೆಗೆ ಕಾಯುವ ಬೆಂಚೊಂದಿದೆ, ಮೇಲೆ ಸಣ್ಣ ಮಾಡು. ಇವಾವೊ ಅಲ್ಲಿ ಪೊರಕೆಯನ್ನು ಪಕ್ಕಕ್ಕೆ ಒರಗಿಸಿಕೊಂಡು, ಮಂಡಿಯ ಮೇಲೆ ಎರಡೂ ಕೈಯಿಟ್ಟು ನೆಟ್ಟಗೆ ಕೂತಿದ್ದ. ತುಟಿ ನೀಲಿಯಾಗಿತ್ತು. ಹುಬ್ಬಿನ ಮೇಲೆ ಹಿಮದ ಪುಡಿ.

“ರೀ!” ಎಂದು ಹೋಗಿ ಅಪ್ಪಿಕೊಂಡಳು. ಮೈ ತಣ್ಣಗೆ ಕೊರೆಯುತ್ತಿತ್ತು. ತನ್ನ ಕೋಟು ಬಿಚ್ಚಿ ಹೊದಿಸಿ, ಅವನ ಬೆರಳುಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಉಜ್ಜಿದಳು. ಅವನು ನಡುಗುತ್ತಲೂ ಇರಲಿಲ್ಲ, ಅದು ಅವಳನ್ನು ಇನ್ನಷ್ಟು ಹೆದರಿಸಿತು. “ನಾವೆಲ್ಲ ಕರೀತಿದ್ವಲ್ಲ ರೀ. ಒಂದು ಸಲ ‘ಹೂಂ’ ಅನ್ನಬಾರದಿತ್ತಾ?”

“ಶ್...” ಎಂದ ಇವಾವೊ. ನಾಲಿಗೆ ತೊದಲುತ್ತಿತ್ತು. “ಚಹಾ ಹೊತ್ತು... ಗಲಾಟೆ ಮಾಡಬಾರದು.”

“ಏಳಿ, ಮನೆಗೆ ಹೋಗೋಣ. ನನ್ನ ಮೇಲೆ ಭಾರ ಹಾಕಿ, ಏಳಿ.”

“ಹೋಗೋಕಾಗಲ್ಲ ಅಮ್ಮಾ. ಎರಡೂ ಕಡೆ ಕಲ್ಲಿದೆ.”

ಎತ್ತಲು ನೋಡಿದಳು, ಆಗಲಿಲ್ಲ. ಕಾಲು ಕೊರಡಾಗಿತ್ತು. ಆಗ ಮಿತ್ಸುಯೊ ತಲೆಯೆತ್ತಿ, ಆ ತೋಟಕ್ಕೆ ಕಾಲಿಟ್ಟ ಮೇಲೆ ಮೊದಲ ಬಾರಿಗೆ, ಗಂಟಲು ಹರಿಯುವಂತೆ ಕಿರುಚಿದಳು. “ನೋತ್ಸೂ! ಇಲ್ಲಿದ್ದಾರೆ! ಬಾರೋ! ಹಿಂದಿನ ಮನೆ ಹತ್ರ ಬಾರೋ!”

ಕೊಳದ ಕಡೆಯಿಂದ ಕೂಗು ಕೇಳಿತು. ಬೆಳಕುಗಳು ಓಡಿ ಬಂದವು. ಬಂದು, ಕವಲಿನ ಹತ್ತಿರ ಗಕ್ಕನೆ ನಿಂತವು.

“ಅಕ್ಕಾ... ಇಲ್ಲಿ ಕಲ್ಲು...” ಎಂಬ ನೋತ್ಸುವಿನ ದನಿ.

“ಒದ್ದು ಬಾರೋ ಅದನ್ನ, ಮುಂಡೇದೇ! ಸಾಯ್ತಿದ್ದಾರೆ ಇಲ್ಲಿ!”

ಬೆಳಕು ಮತ್ತೆ ಓಡತೊಡಗಿತು. ಮಿತ್ಸುಯೊ ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಡೀ ದಿನದ ಅಳು ಈಗ ಬಂತು. “ನಾನೇ ರೀ ಕಲ್ಲಿಟ್ಟಿದ್ದು. ಒಳಗೆ ನೋಡದೆ ಇಟ್ಟುಬಿಟ್ಟೆ. ನೀವು ನನಗೆ ಕೈ ಜೋಡಿಸೋಕೆ ಬಂದಿದ್ರಿ, ನಾನು ನಿಮ್ಮನ್ನ ಒಳಗೆ ಹಾಕಿ ಮುಚ್ಚಿಬಿಟ್ಟೆ.”

ಅವನು ಅವಳನ್ನು ದಿಟ್ಟಿಸಿ ನೋಡಿದ. ಯಾರದೋ ತಪ್ಪನ್ನು ತಲೆಯ ಮೇಲೆ ಹಾಕಿಕೊಂಡು ಅಳುತ್ತಿರುವ ಅಪರಿಚಿತ ಹೆಂಗಸಿಗೆ ಸಮಾಧಾನ ಹೇಳುವವನಂತೆ ಮೆಲ್ಲಗೆ ತಲೆಯಾಡಿಸಿದ.

“ನೀವಲ್ಲ. ಇಲ್ಲಿ ಕಲ್ಲಿಡೋಳು ನನ್ನ ಹೆಂಡ್ತಿ. ಅವಳು ನೋಡದೆ ಇಡೋಳಲ್ಲ.”

“ಇವತ್ತು ನೋಡಲಿಲ್ಲ ರೀ...”

“ನೋಡಿರ್ತಾಳೆ. ಒಳಗೆ ಯಾರೂ ಇಲ್ಲ ಅಂತ ಕಣ್ಣಾರೆ ನೋಡಿ ಇಟ್ಟಿರ್ತಾಳೆ.” ಅವನು ಕವಲಿನ ಕಡೆ ನೋಡಿದ. “ಅದೇ ಕೂತು ಯೋಚನೆ ಮಾಡ್ತಿದ್ದೆ. ಅವಳು ನೋಡಿದಾಗ ಯಾರೂ ಇರಲಿಲ್ಲ ಅಂದ್ರೆ, ಹಾಗಾದ್ರೆ ನಾನೂ ಇಲ್ಲ ಅಂತಾಯ್ತು, ಅಲ್ವಾ?”

“ಇದ್ದೀರಿ,” ಎಂದಳು ಮಿತ್ಸುಯೊ. “ಇದ್ದೀರಿ ರೀ. ನಾನು ನೋಡ್ತಿದ್ದೀನಲ್ಲ, ಇದ್ದೀರಿ.”

ಇವಾವೊಗೆ ನಂಬಿಕೆ ಬರಲಿಲ್ಲ. ಅವಳ ಕಂಕುಳಿನಿಂದ ಕೈ ಮೆಲ್ಲಗೆ ಬಿಡಿಸಿಕೊಂಡು ಮತ್ತೆ ಮಂಡಿಯ ಮೇಲಿಟ್ಟುಕೊಂಡ.

“ನಿಮಗೆ ತೊಂದರೆ ಆಗಲ್ಲ ಅಂದ್ರೆ ಅಮ್ಮಾ, ದೊಡ್ಡ ಮನೇಲಿ ಬಟ್ಟಲು ತೊಳೀತಾ ಇರ್ತಾಳೆ, ಮಿತ್ಸುಯೊ ಅಂತ ಹೆಸರು. ಅವಳನ್ನ ಒಂದು ಮಾತು ಕೇಳ್ಕೊಂಡು ಬಂದು ಹೇಳಿ. ನಾನಿದ್ದೀನಿ ಅಂತ ಅವಳು ಹೇಳಿದ್ರೆ ಬರ್ತೀನಿ. ಅಲ್ಲಿವರೆಗೂ ನಾನು ಇಲ್ಲೇ ಕೂತಿರ್ತೀನಿ.”